ಗಜೇಂದ್ರಗಡದ ಮಿಸ್ತ್ರಿ

ಅಕ್ಕನನ್ನು ಮಣ್ಣು ಮಾಡಿ ಬಂದು ಹನ್ನೊಂದು ದಿನವಾಗಿತ್ತು. ಪಕ್ಕದ ಮನೆಯವರು ಅಂಗಳದಲ್ಲಿ ಸ್ಕೂಟರ್ ಬಿಚ್ಚಿಕೊಂಡು ಕೂತು, ಅದರ ಯಾವುದೋ ಭಾಗವನ್ನು ಪೆಟ್ರೋಲಿನಲ್ಲಿ ಅದ್ದಿ ಹಳೆಯ ಧೋತರದ ಚೂರಿನಿಂದ ಒರೆಸುತ್ತಿದ್ದರು. ಕಟ್ಟೆಯ ಮೇಲೆ ಕೂತಿದ್ದ ನನಗೆ ಆ ವಾಸನೆ ಬಂತು. ಪೆಟ್ರೋಲು, ಸುಟ್ಟ ಎಣ್ಣೆ, ಒದ್ದೆ ಬಟ್ಟೆ ಮೂರೂ ಕೂಡಿದ ವಾಸನೆ. ಎದ್ದು ಒಳಗೆ ಹೋದೆ. ಒಳಗೆ ಅಕ್ಕನ ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಅಲ್ಲಿಯೂ ನಿಲ್ಲಲಾಗದೆ ಮತ್ತೆ ಹೊರಗೆ ಬಂದೆ.

ನಾನು ಓದಿದ್ದು ಏಳನೆಯ ಇಯತ್ತೆ, ಮುಲ್ಕಿ ಪರೀಕ್ಷೆಯವರೆಗೆ. ನಲವತ್ತು ವರ್ಷ ಗಾಡಿ ನಡೆಸಿದವನು. ಬರೆಯುವುದೆಂದರೆ ಸರ್ವಿಸು ಮಾಡಿಸಿದ ದಿನವನ್ನು ಚೀಟಿಯಲ್ಲಿ ಗುರುತು ಹಾಕುವುದಷ್ಟೇ ಗೊತ್ತು. ಆದರೂ ಒಂದು ವರ್ಷದ ಮಳೆಗಾಲವನ್ನು ಇಲ್ಲಿ ಬರೆದಿಡಬೇಕಾಗಿದೆ. ಅಕ್ಕ ಇರುವವರೆಗೆ ಇದನ್ನು ಬರೆಯುವ ಹಾಗಿರಲಿಲ್ಲ.

ಏಕೀಕರಣಕ್ಕೆ ಇನ್ನೂ ಒಂದೆರಡು ವರ್ಷ ಇತ್ತು. ನಮ್ಮ ರೋಣ ಆಗ ಮುಂಬಯಿ ರಾಜ್ಯದಲ್ಲಿತ್ತು. ನಾನು ಊರಿನ ಡಾಕ್ಟರ್ ಸಾಹೇಬರ ಮೋಟಾರು ನಡೆಸುತ್ತಿದ್ದೆ. ಹತ್ತಿ ಖರೀದಿಗೆ ಬರುತ್ತಿದ್ದ ಇಂಗ್ಲಿಷ್ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಗಾಡಿ ಅದು. ಕಡುಹಸಿರು ಬಣ್ಣ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿ ಎಬ್ಬಿಸಬೇಕು. ಜನ ಅದನ್ನು ವಿಲಾಯತಿ ಗಾಡಿ ಎನ್ನುತ್ತಿದ್ದರು. ಮೊದಲು ಡಾಕ್ಟರು ಕುದುರೆಯ ಮೇಲೆ ಹಳ್ಳಿಗೆ ಹೋಗುತ್ತಿದ್ದರಂತೆ. ದಿನಕ್ಕೆ ಒಂದು ಹಳ್ಳಿ ನೋಡಿದರೆ ಹೆಚ್ಚು. ಗಾಡಿ ಬಂದ ಮೇಲೆ ನಾಲ್ಕು ಹಳ್ಳಿ ತಿರುಗುತ್ತಿದ್ದೆವು. ಸಲಾಯಿನ್ ಬಾಟಲಿಗಳನ್ನು ಒಡೆಯದಂತೆ ಒಯ್ಯಲು ಹಿಂದಿನ ಸೀಟಿನಲ್ಲಿ ಹತ್ತಿಯ ಮೆತ್ತೆ ಮಾಡಿಸಿದ್ದರು.

ನನ್ನ ಹುಟ್ಟೂರು ರಾಜೂರ. ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ನೀಲವ್ವ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳನ್ನು ಹೊಳೆಮಣ್ಣೂರಿಗೆ ಕೊಟ್ಟಿದ್ದರು. ಅವಳ ಗಂಡ ಶಿವಪ್ಪ ಮಾವ ಹೊಳೆದಂಡೆಯ ಒಕ್ಕಲಿಗ. ಮಕ್ಕಳಾಗಿರಲಿಲ್ಲ. ಗಾಡಿ ಹೊಳೆಮಣ್ಣೂರಿಗೆ ಹೋದಾಗಲೆಲ್ಲ ಮಾವ ಅದರ ಸುತ್ತ ಒಂದು ಸುತ್ತು ಹಾಕಿ ಗಾಲಿಯನ್ನು ಒದ್ದು ನೋಡುತ್ತಿದ್ದ.

"ಏನೋ ಬಸ್ಯಾ, ನಿನ್ನ ವಿಲಾಯತಿ ಎಮ್ಮಿ ಇವತ್ತ ಎದ್ದು ಬಂತೇನು?"

"ಬಂತಲ್ಲ ಮಾವ."

"ಬರೋದು ಖರೇ, ಹೋಗೋದರದ ಏನು? ನನ್ನ ಎತ್ತು ಮಲಗಿದ್ರ ಬಾಲ ತಿರುವಿ ಎಬ್ಬಸ್ತೀನಿ. ನಿಂದಕ್ಕ ಬಾಲ ಮುಂದ ಐತಿ, ತಿರುವಿ ತಿರುವಿ ನಿನ್ನ ರಟ್ಟಿನ ಬೀಳ್ತಾವು."

ಅಕ್ಕ ಒಳಗಿನಿಂದ ಅನ್ನುತ್ತಿದ್ದಳು, "ಸುಮ್ಮಿರ್ರಿ, ಡಾಕ್ಟರ್ ಸಾಹೇಬ್ರು ಕೇಳ್ತಾರ." ಡಾಕ್ಟರು ಕೇಳಿಯೂ ಕೇಳದವರಂತೆ ಕೈ ತೊಳೆಯುತ್ತಿದ್ದರು.

ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ವರ್ಷ ಮಿರಗದ ಮಳೆ ಬೀಳುವ ಮೊದಲೇ ಗಾಡಿ ಕೈಕೊಡತೊಡಗಿತ್ತು. ಕಾದು ಹೊಗೆಯಾಡುತ್ತಿತ್ತು, ಏರಿನಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಡಾಕ್ಟರು ಅದನ್ನು ದೊಡ್ಡ ಊರಿನ ಒಂದು ಗ್ಯಾರೇಜಿಗೆ ಕಳಿಸಿದರು. ಹದಿನೈದು ದಿನ ಇಟ್ಟುಕೊಂಡರು. ನನ್ನನ್ನು ಬಾಗಿಲ ಹೊರಗೇ ಕೂಡಿಸಿದರು. ಗಾಡಿ ವಾಪಸು ಬಂದಾಗ ಬಿಲ್ಲಿನ ಹಣವನ್ನು ಡಾಕ್ಟರು ಎರಡೆರಡು ಸಲ ಓದಿ ನೋಡಿದರು. ಮನೆಗೆ ತಂದು ಬಾನೆಟ್ ಎತ್ತಿದರೆ ನಮ್ಮ ಡೈನಮೋ ಇರಲಿಲ್ಲ. ನಮ್ಮದರ ಮೇಲೆ ನಾನೇ ಮೊಳೆಯಿಂದ ಗೀರಿದ ಗುರುತಿತ್ತು. ಇದು ಎಲ್ಲಿಯದೋ ಹಳೆಯದು, ಮೇಲೆ ಹೊಸ ಬಣ್ಣ ಬಳಿದಿದ್ದರು. ವಿಲಾಯತಿ ಸಾಮಾನು ಇಲ್ಲಿ ಸಿಗುವುದಿಲ್ಲ; ಒಳ್ಳೆಯದು ಕಂಡರೆ ಕಳಚಿಕೊಂಡು ಬೇರೆ ಗಾಡಿಗೆ ಹಾಕುತ್ತಾರೆ ಎಂಬುದು ಆಮೇಲೆ ತಿಳಿಯಿತು.

ಮುಂದೆ ನರಗುಂದದಲ್ಲಿ ಒಬ್ಬ ಸಿಕ್ಕ. ಲಾರಿ ರಿಪೇರಿ ಮಾಡುತ್ತಿದ್ದವನು, ಮನುಷ್ಯ ಒಳ್ಳೆಯವನು. ಕಡಿಮೆಗೆ ಮಾಡಿಕೊಟ್ಟ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ನನ್ನ ಅಂಗೈಯಲ್ಲಿ ಐದು ನಟ್ಟು ಇಟ್ಟ.

"ಇವು ಎಲ್ಲಿವರಿ?" ಎಂದೆ.

"ಹೆಚ್ಚಿಗಿ ಇದ್ವು. ಇಂಗ್ಲಿಷರು ಸುಮ್ಮನ ಭಾಳ ನಟ್ಟು ಹಾಕಿರ್ತಾರ."

ನರಗುಂದದ ಗುಡ್ಡ ಕಣ್ಣಿಗೆ ಮರೆಯಾಗುವ ಮೊದಲೇ ಗಾಡಿಯ ಕೆಳಗೆ ಏನೋ ಕಳಚಿ ಬಿತ್ತು. ಎತ್ತು ಕಟ್ಟಿ ಎಳೆಸಿಕೊಂಡು ರೋಣಕ್ಕೆ ಬಂದೆವು. ದಾರಿಯುದ್ದಕ್ಕೂ ಹೊಲದಲ್ಲಿದ್ದವರು ಕೆಲಸ ಬಿಟ್ಟು ನೋಡಿದರು.

ಗಜೇಂದ್ರಗಡದ ಮಿಸ್ತ್ರಿ ತಿಪ್ಪಣ್ಣನನ್ನು ಹುಡುಕಿಕೊಟ್ಟವಳು ಅಕ್ಕ. ಅವಳು ತನ್ನ ನಾದಿನಿಯ ಮದುವೆಗೆ ಸೀರೆ ನೇಯಿಸಲು ಅಲ್ಲಿಗೆ ಹೋಗಿದ್ದಳು. ನೇಕಾರರ ಮನೆಯ ಹಿತ್ತಲಿನಲ್ಲಿ ಒಂದು ಬಸ್ಸು ನಿಂತಿತ್ತಂತೆ. ಬಸ್ಸಿನ ಕೆಳಗೆ ಮಗ್ಗದ ಕುಣಿಯಂಥ ತಗ್ಗು. ಅದರೊಳಗೆ ಕಾಲು ಇಳಿಬಿಟ್ಟು ಕೂತ ಮನುಷ್ಯ, ಮಗ್ಗದ ಮುಂದೆ ಕೂತ ಹಾಗೆಯೇ ಕೂತು, ಮೇಲೆ ನೋಡಿ ಕೈ ಆಡಿಸುತ್ತಿದ್ದನಂತೆ.

"ಅವನ ಅವ್ವ ಹೇಳಿದ್ಲು, ಲಡಾಯಿಗೆ ಹೋಗಿದ್ನಂತ, ಬರ್ಮಾ ಕಡೆ," ಎಂದಳು ಅಕ್ಕ. "ಅಲ್ಲಿ ಬರೇ ಇಂಥಾ ಗಾಡಿನ ರಿಪೇರಿ ಮಾಡ್ತಿದ್ದನಂತ. ನಾ ನೋಡಿದೆ ಬಸ್ಯಾ, ಅಂವ ತಗದದ್ದೆಲ್ಲಾ ದಾರಕ್ಕ ಕಟ್ಟಿ ಇಡ್ತಾನ. ದಾರ ಕಟ್ಟಿ ಇಡಾಂವ ಮೋಸ ಮಾಡೂದಿಲ್ಲ."

ಡಾಕ್ಟರು ನಕ್ಕರು. ಆದರೆ ಬೇರೆ ದಾರಿ ಇರಲಿಲ್ಲ. ಆಷಾಢದ ಗಾಳಿಯಲ್ಲಿ ಗಾಡಿ ತೆಗೆದುಕೊಂಡು ಹೋದೆ.

ತಿಪ್ಪಣ್ಣನಿಗೆ ಆಗ ಮೂವತ್ತೈದು ಇರಬಹುದು. ತೆಳ್ಳಗಿದ್ದ, ಧೋತರವನ್ನು ಮೇಲೆತ್ತಿ ಕಟ್ಟಿದ್ದ, ಮಾತು ಕಡಿಮೆ. ಮನೆಯೊಳಗೆ ಅವನ ತಾಯಿಯ ಮಗ್ಗದ ಸದ್ದು ನಡೆದೇ ಇತ್ತು. ಅವನು ಗಾಡಿಯನ್ನು ಮುಟ್ಟುವ ಮೊದಲು ನನ್ನನ್ನು ಮುಟ್ಟಿ ಒಂದು ಮಣೆಯ ಮೇಲೆ ಕೂಡಿಸಿದ.

"ಕುಂದ್ರು. ನಾ ಏನು ತಗೀತೀನಿ ಎಲ್ಲಾ ನಿನ್ನ ಕಣ್ಣ ಮುಂದ ತಗೀತೀನಿ. ನೀ ಎದ್ದು ಹೋದ್ರ ನನ್ನ ಕೆಲಸಾನೂ ನಿಲ್ತದ."

"ಚಾ ಕುಡಿಯಾಕ?"

"ಇಬ್ಬರೂ ಕೂಡೇ ಹೋಗೂಣು."

ಅಕ್ಕ ಹೇಳಿದ್ದು ನಿಜ. ಬಿಚ್ಚಿದ ಪ್ರತಿಯೊಂದಕ್ಕೂ ಅವನು ಬಣ್ಣದ ನೂಲು ಕಟ್ಟುತ್ತಿದ್ದ. ಎಡಗಡೆಯದಕ್ಕೆ ಕೆಂಪು, ಬಲಗಡೆಯದಕ್ಕೆ ಹಸಿರು, ಒಳಗಿನದಕ್ಕೆ ಬಿಳಿ. ಮೊದಲು ತೆಗೆದದ್ದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ಹಿತ್ತಲಿನ ಎರಡು ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ ಸಾಲಾಗಿ ತೂಗುಹಾಕುತ್ತಿದ್ದ. ಸಂಜೆಯ ಹೊತ್ತಿಗೆ ನಮ್ಮ ವಿಲಾಯತಿ ಗಾಡಿಯ ಅರ್ಧ ಎಂಜಿನ್ನು ಆ ಹಗ್ಗದ ಮೇಲೆ ತೂಗುತ್ತಿತ್ತು. ಮರುದಿನ ಕೊನೆಯ ಗಂಟಿನಿಂದ ಹಿಂದಕ್ಕೆ ಬಂದ. ಒಂದು ನಟ್ಟೂ ಉಳಿಯಲಿಲ್ಲ.

ಬೆಲ್ಟು ಹರಿದಿತ್ತು. ಮುಂಬಯಿಯಿಂದ ತರಿಸಬೇಕು, ಅಲ್ಲಿಯವರೆಗೆ ಏನು ಮಾಡುವುದು? ತಿಪ್ಪಣ್ಣ ಒಳಗೆ ಹೋಗಿ ತಾಯಿಯನ್ನು ಕೇಳಿ ಗಟ್ಟಿ ನೂಲಿನ ಲಡಿ ತಂದ. ತಾಯಿ ಮಗ ಇಬ್ಬರೂ ಕೂತು ಅದನ್ನು ಹೆಣೆದು, ಅಂಟು ತಿಕ್ಕಿ, ಬೆಲ್ಟಿನ ಅಳತೆಗೆ ತಂದರು.

"ಎಂಟು ದಿನ ತಡೀತದ," ಎಂದ. "ಒಂಬತ್ತನೇ ದಿನಕ್ಕ ಹರದ್ರ ನನ್ನ ಬೈಬ್ಯಾಡ. ಎಂಟರೊಳಗ ಹರದ್ರ ಬಂದು ಬೈ."

ಅದು ಹತ್ತು ದಿನ ಬಂತು. ಅಷ್ಟರಲ್ಲಿ ಮುಂಬಯಿಯದು ಬಂದಿತ್ತು. ಅವನು ಕೇಳಿದ ಮಜೂರಿ ಕೇಳಿ ಡಾಕ್ಟರು ನನ್ನನ್ನೇ ಅನುಮಾನದಿಂದ ನೋಡಿದರು, ಅಷ್ಟು ಕಡಿಮೆ ಇತ್ತು. ಆಮೇಲೆ ಅವರೇ ಒಮ್ಮೆ ಗಜೇಂದ್ರಗಡಕ್ಕೆ ಬಂದು ಇಡೀ ದಿನ ಆ ಮಣೆಯ ಮೇಲೆ ಕೂತಿದ್ದರು. ಆ ದಿನ ತಿಪ್ಪಣ್ಣ ಒಂದು ವಾಲ್ವ್ ತಿಕ್ಕುವಾಗ ಕೈತಪ್ಪಿ ಅಂಚು ಕೆಡಿಸಿದ. ಯಾರೂ ನೋಡಿರಲಿಲ್ಲ. ತಾನಾಗಿ ಎದ್ದು ಬಂದು ಡಾಕ್ಟರ ಮುಂದೆ ಹಿಡಿದ.

"ಇದು ನನ್ನ ಕೈಲೆ ಕೆಟ್ಟಿತು ಸಾಹೇಬ್ರ. ಇದರ ರೊಕ್ಕ ನನಗ ಹತ್ತಿತು."

ದಾರಿಯಲ್ಲಿ ಡಾಕ್ಟರು ನನಗೆ ಹೇಳಿದರು, "ಬಸಪ್ಪ, ನಾವು ಡಾಕ್ಟರೂ ಹಿಂಗ ಹೇಳೂದಿಲ್ಲ ನೋಡು."

ಅವರೇ ಹತ್ತು ಕಡೆ ಹೇಳಿದ್ದರಿಂದ ನರಗುಂದದ ಒಬ್ಬ ಹತ್ತಿ ವ್ಯಾಪಾರಿಯ ಗಾಡಿ, ಇನ್ನೊಂದೆರಡು ಊರುಗಳ ಗಾಡಿಗಳು ತಿಪ್ಪಣ್ಣನ ಹಿತ್ತಲಿಗೆ ಬರತೊಡಗಿದವು. ಅವನು ಎರಡನೆಯ ತಗ್ಗು ತೋಡಿಸಿದ.

ನನಗೂ ಅವನು ಗಾಡಿಯ ಒಳಗನ್ನು ತೋರಿಸಿಕೊಟ್ಟ. ಎಂಜಿನ್ನಿನ ಪಕ್ಕದಲ್ಲಿ ಕರಿಯ ಟೊಪ್ಪಿಗೆಯಂಥದೊಂದು ಇರುತ್ತದೆ. ಅದರಿಂದ ನಾಲ್ಕು ವಾಯರು ಹೊರಡುತ್ತವೆ. ಕಿಡಿಯನ್ನು ಹಂಚುವುದು ಅದರ ಕೆಲಸ. ಎರಡು ಕ್ಲಿಪ್ಪಿನಿಂದ ಅದನ್ನು ಮುಚ್ಚಿರುತ್ತಾರೆ.

"ಇದಕ್ಕ ನೀರು ತಾಗಿಸಬ್ಯಾಡ," ಎಂದಿದ್ದ. "ಮಳ್ಯಾಗ ಬಾನೆಟ್ ಎತ್ತಬ್ಯಾಡ. ಒಂದು ಹನಿ ಒಳಗ ಹೋದ್ರ ಗಾಡಿ ಸತ್ತಂಗ."

ಹೂಂ ಅಂದಿದ್ದೆ.

ಶ್ರಾವಣ ಕಳೆದ ಮೇಲೆ ಮಲಪ್ರಭೆ ಬಂತು. ಮೇಲಿನ ಸೀಮೆಯಲ್ಲಿ ಮಳೆ ಹೆಚ್ಚಾದರೆ ಹೊಳೆಮಣ್ಣೂರಿಗೆ ನೀರು ನುಗ್ಗುವುದು ಹೊಸದಲ್ಲ. ಆ ಸಲ ನೀರು ಇಳಿಯಲು ತಡವಾಯಿತು. ಬಾವಿಗಳಲ್ಲೆಲ್ಲ ಹೊಳೆಯ ಕೆಂಪು ನೀರು ತುಂಬಿತು. ಭಾದ್ರಪದದ ಹುಣ್ಣಿಮೆಗೆ ಮೊದಲೇ ಹೊಳೆದಂಡೆಯ ಒಂದೊಂದು ಊರಿನಲ್ಲಿ ವಾಂತಿಭೇದಿ ಸುರುವಾಯಿತು. ಡಾಕ್ಟರು ದಿನಾ ಹೋಗಿ ಸೂಜಿ ಹಾಕಿದರು. ಬಾವಿಗೆ ಔಷಧ ಹಾಕಿಸಿದರು. ಕರಿಮಣ್ಣಿನ ದಾರಿಯಲ್ಲಿ ಗಾಲಿಗಳು ಮೊಳಕಾಲುದ್ದ ಹೂತುಹೋಗುತ್ತಿದ್ದವು. ನಾನು ಇಳಿದು ಗಾಲಿಯ ಕೆಸರು ಕೆತ್ತುವುದು, ಮತ್ತೆ ಹತ್ತುವುದು. ಎಂಜಿನ್ನು ಮಾತ್ರ ಒಂದು ದಿನವೂ ಕೈಕೊಡಲಿಲ್ಲ. ಆ ಒಂದು ತಿಂಗಳು ಎಷ್ಟು ಜನ ಉಳಿದರೋ ಅವರೆಲ್ಲ ತಿಪ್ಪಣ್ಣನ ಕೈಯಿಂದಲೂ ಉಳಿದವರು ಎಂದು ಡಾಕ್ಟರು ಅನ್ನುತ್ತಿದ್ದರು. ಹೊಳೆಮಣ್ಣೂರಿನಲ್ಲಿ ಅಕ್ಕ ಮಾವ ಇಬ್ಬರೂ ಸೂಜಿ ಹಾಕಿಸಿಕೊಂಡಿರಲಿಲ್ಲ. ಮಾವನಿಗೆ ಸೂಜಿಯ ಹೆದರಿಕೆ. ಅವನು ಬೇಡವೆಂದರೆ ಅಕ್ಕನೂ ಬೇಡವೆಂದಳು. ನಾಳೆ ಹಾಕಿಸಿಕೊಂಡರಾಯಿತು ಎಂದು ನಕ್ಕರು. ನಾನೂ ಒತ್ತಾಯ ಮಾಡಲಿಲ್ಲ.

ಮಹಾನವಮಿ ಬಂತು. ಖಂಡೇ ಪೂಜೆಯ ದಿನ ನಮ್ಮ ಕಡೆ ಯಾವ ಆಯುಧವನ್ನೂ ಮುಟ್ಟುವುದಿಲ್ಲ. ಕುಡಗೋಲು, ಕೊಡಲಿ, ನೇಗಿಲು, ಮಗ್ಗ, ತಕ್ಕಡಿ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಪೂಜೆಗೆ ಇಡುತ್ತಾರೆ. ಮರುದಿನ ಬನ್ನಿ ಮುಡಿಯುವ ಹೊತ್ತಿಗೆ ಪೂಜೆ ಎಬ್ಬಿಸುತ್ತಾರೆ. ಪೂಜೆಯ ದಿನವೇ ತಿಪ್ಪಣ್ಣನನ್ನು ರೋಣಕ್ಕೆ ಕರೆಸಿ ಒಂದು ಧೋತರ ಹೊದಿಸಬೇಕೆಂದು ಡಾಕ್ಟರಿಗೆ ಮನಸ್ಸು. ಅವನು ತನ್ನ ಮನೆಯ ಪೂಜೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಎಂದು ಹೇಳಿಕಳಿಸಿದ್ದ.

ಬೆಳಿಗ್ಗೆ ನಾನು ಗಾಡಿಯನ್ನು ತೊಳೆದೆ. ಒಕ್ಕಲಿಗನ ಮಗ ನಾನು, ಎತ್ತು ಮೈತೊಳೆಯುವ ಹಾಗೆ ತೊಳೆದೆ. ಗಾಲಿಯ ಸಂದಿಯ ಕೆಸರನ್ನು ಕಡ್ಡಿಯಿಂದ ಕೆದರಿ ತೆಗೆದೆ. ಚೆಂಡು ಹೂವಿನ ಮಾಲೆ ಕಟ್ಟಿದೆ. ಆಮೇಲೆ ಅನ್ನಿಸಿತು, ಹೊರಗಿನ ಮೈ ಮಾತ್ರ ತೊಳೆದರೆ ಏನು ಬಂತು? ಒಂದು ತಿಂಗಳು ನಮ್ಮನ್ನು ಕೆಸರಿನಿಂದ ಎಳೆದು ತಂದದ್ದು ಒಳಗಿನ ಎಂಜಿನ್ನು. ಬಾನೆಟ್ ಎತ್ತಿದೆ. ಅರಿಷಿಣ ಕದಡಿದ ನೀರನ್ನು ಐದು ತಂಬಿಗೆ ಎಂಜಿನ್ನಿನ ಮೇಲೆ ಹಾಕಿದೆ. ವಿಭೂತಿ ಹಚ್ಚಿದೆ, ಕೈಮುಗಿದೆ.

ತಿಪ್ಪಣ್ಣನ ಮಾತು ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಅವನು ಹೇಳಿದ್ದು ಮಳೆಯ ನೀರು. ಇದು ಪೂಜೆಯ ನೀರು. ಪೂಜೆಯ ನೀರಿನಿಂದ ಕೆಡುಕಾಗುತ್ತದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಟ್ಟು ಬಿಚ್ಚುವ ಪಾನಾ, ಜಾಕು, ಹ್ಯಾಂಡಲ್ಲು ಎಲ್ಲವನ್ನೂ ಗಾಡಿಯ ಮುಂದೆ ಸಾಲಾಗಿ ಇಟ್ಟು ಕಾಯಿ ಒಡೆದೆ.

ಹನ್ನೆರಡರ ಸುಮಾರಿಗೆ ಹೊಳೆಮಣ್ಣೂರಿನಿಂದ ಮಾವನ ನೆರೆಮನೆಯವನು ಸೈಕಲ್ ಮೇಲೆ ಬಂದ. ಅರ್ಧ ದಾರಿ ಸೈಕಲ್ಲನ್ನು ಹೊತ್ತುಕೊಂಡೇ ಬಂದಿದ್ದನಂತೆ. ಮೊಣಕಾಲಿನವರೆಗೆ ಕೆಸರು.

"ಶಿವಪ್ಪಗ ಬೆಳಗಿನ ಜಾವದಿಂದ ವಾಂತಿಭೇದಿ ಹತ್ತೈತಿ," ಎಂದ. "ಮುಂಜಾನೆ ನೀಲವ್ವಗೂ ಹತ್ತಿತು. ಲಗೂ ಬರ್ರಿ."

ಡಾಕ್ಟರು ಊಟಕ್ಕೆ ಕೂತವರು ಎದ್ದರು. ಬಾಟಲಿಗಳನ್ನು ಮೆತ್ತೆಯ ಮೇಲೆ ಇಟ್ಟೆವು. ನಾನು ಪೂಜೆಯಿಂದ ಹ್ಯಾಂಡಲ್ ಎತ್ತಿ ಗಾಡಿಗೆ ಹಾಕಿ ತಿರುವಿದೆ. ಏಳಲಿಲ್ಲ. ಮತ್ತೆ ತಿರುವಿದೆ. ಇಪ್ಪತ್ತು ಸಲ, ಐವತ್ತು ಸಲ. ಅಂಗೈ ಬೊಬ್ಬೆ ಎದ್ದು ಒಡೆಯಿತು. ಓಣಿಯವರು ಬಂದು ನೂಕಿದರು. ಮಾಲೆ ಹಾಕಿಕೊಂಡ ಗಾಡಿ ಓಣಿಯ ತುದಿಯವರೆಗೆ ಹೋಗಿ ಸುಮ್ಮನೆ ನಿಂತಿತು. ಎರಡು ಗಂಟೆಯಾಯಿತು. ಡಾಕ್ಟರು ತಡೆಯದೆ ಯಾರದೋ ಚಕ್ಕಡಿ ಹೂಡಿಸಿ, ಬಾಟಲಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಟರು. ಆ ದಾರಿಯಲ್ಲಿ ಎತ್ತು ಮುಟ್ಟುವುದೆಂದರೆ ನಾಲ್ಕೈದು ತಾಸು.

ಮೂರೂವರೆಗೆ ಗಜೇಂದ್ರಗಡದ ಬಸ್ಸು ಬಂತು. ತಿಪ್ಪಣ್ಣ ಇಳಿದ. ಒಗೆದ ಅಂಗಿ, ತಲೆಗೆ ರುಮಾಲು. ಕೈಯಲ್ಲಿ ಒಂದು ಸಾಮಾನೂ ಇಲ್ಲ. ಅವೆಲ್ಲ ಮನೆಯಲ್ಲಿ ಪೂಜೆಗೆ ಕೂತಿದ್ದವು. ನಾನು ಓಡಿಹೋಗಿ ಹೇಳಿದೆ. ಅವನು ಬಾನೆಟ್ ಎತ್ತಿದ. ಅರಿಷಿಣದ ನೀರು ಸಂದಿಯಲ್ಲೆಲ್ಲ ಹಳದಿಯಾಗಿ ನಿಂತಿತ್ತು. ಒಂದು ಕ್ಷಣ ನನ್ನ ಮುಖ ನೋಡಿದ.

ಕ್ಲಿಪ್ಪು ಎರಡೂ ಬಿಗಿಯಾಗಿಯೇ ಇದ್ದವು. ಅವನ್ನು ಸರಿಸಿ ಟೊಪ್ಪಿಗೆ ತೆಗೆದು ಬೋರಲು ಹಾಕಿದ. ನೀರು ತೊಟ್ಟಿಕ್ಕಿತು. ತಲೆಯ ರುಮಾಲು ಬಿಚ್ಚಿ ಒರೆಸಿದ.

"ಪಾನಾ ಕೊಡು."

"ಪೂಜಿ ಎಬ್ಬಿಸಿಲ್ಲಲ್ಲ ತಿಪ್ಪಣ್ಣ." ಹ್ಯಾಂಡಲ್ ಎತ್ತಿದವನೇ ನಾನು, ಆದರೂ ಬಾಯಿಂದ ಆ ಮಾತು ಬಂತು.

"ದೇವರಿಗೆ ನಾ ಹೇಳ್ತೀನಿ. ನೀ ಪಾನಾ ಕೊಡು."

ಪ್ಲಗ್ಗುಗಳನ್ನು ಬಿಚ್ಚಿ, ಡಾಕ್ಟರ ಮನೆಯ ಒಲೆಯ ಬಿಸಿ ಬೂದಿಯ ಮೇಲೆ ತವೆ ಇಡಿಸಿ, ಅದರ ಮೇಲೆ ಅವನ್ನು ಒಣಗಿಸಿದ. ವಾಯರುಗಳನ್ನು ಒಂದೊಂದಾಗಿ ಬಟ್ಟೆಯೊಳಗಿಂದ ಎಳೆದು ಒರೆಸಿದ. ಅರ್ಧ ತಾಸಿನಲ್ಲಿ ಗಾಡಿ ಎದ್ದಿತು. ಅವನೂ ಹತ್ತಿ ನನ್ನ ಪಕ್ಕ ಕೂತ.

ಚಕ್ಕಡಿಯನ್ನು ಅರ್ಧ ದಾರಿಯ ಮೇಲೆ ಹಿಡಿದೆವು. ಡಾಕ್ಟರನ್ನು ಹತ್ತಿಸಿಕೊಂಡು ಹೊಳೆಮಣ್ಣೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮನೆಯ ಮುಂದೆ ಜನ ನಿಂತಿದ್ದರು. ಅವರು ನಿಂತ ರೀತಿಯಿಂದಲೇ ತಿಳಿಯಿತು. ಮಾವ ಹೋಗಿ ಅರ್ಧ ತಾಸಾಗಿತ್ತು.

ಅಕ್ಕನ ಕಣ್ಣು ಒಳಗೆ ಹೋಗಿದ್ದವು. ಡಾಕ್ಟರು ಲಾಟೀನಿನ ಬೆಳಕಿನಲ್ಲಿ ನರ ಹುಡುಕಿ ಬಾಟಲಿ ಏರಿಸಿದರು. ಅವಳನ್ನು ಹಿಂದಿನ ಸೀಟಿನ ಮೆತ್ತೆಯ ಮೇಲೆ ಮಲಗಿಸಿ, ತಿಪ್ಪಣ್ಣ ಬಾಟಲಿಯನ್ನು ಎತ್ತಿ ಹಿಡಿದು ರೋಣದವರೆಗೆ ಬಂದ. ಒಮ್ಮೆಯೂ ಕೈ ಇಳಿಸಲಿಲ್ಲ. ಮಾವನನ್ನು ಊರವರು ಮಣ್ಣು ಮಾಡಿದರು. ನಾನು ಇರಲಿಲ್ಲ.

ಮರುದಿನ ಬನ್ನಿ. ದವಾಖಾನೆಯಲ್ಲಿ ಅಕ್ಕನಿಗೆ ಎಚ್ಚರವಾಗಿತ್ತು. ಯಾರೂ ಹೇಳುವ ಮೊದಲೇ ಅವಳಿಗೆ ತಿಳಿದಿತ್ತು. ಅಳಲಿಲ್ಲ. ನನ್ನ ಕೈ ಹಿಡಿದು ಮೇಲೆ ನೋಡುತ್ತಿದ್ದಳು. ತಿಪ್ಪಣ್ಣ ಬಾಗಿಲ ಹತ್ತಿರ ನಿಂತಿದ್ದ. ಡಾಕ್ಟರು ಬಂದು ನಾಡಿ ನೋಡಿ, ಆಮೇಲೆ ತಿರುಗಿ ಕೇಳಿದರು.

"ಗಾಡಿಗೆ ಏನಾಗಿತ್ತು, ತಿಪ್ಪಣ್ಣ?"

ಅಕ್ಕನ ಕಣ್ಣು ಅವನ ಕಡೆ ತಿರುಗಿದವು. ಅವನು ಅವಳನ್ನು ನೋಡಿದ, ಅವಳು ಹಿಡಿದಿದ್ದ ನನ್ನ ಕೈಯನ್ನು ನೋಡಿದ.

"ನನ್ನ ತಪ್ಪರಿ, ಸಾಹೇಬ್ರ," ಎಂದ. "ಹೋದ ಸಲ ಟೊಪ್ಪಿಗಿ ಕೂಡಿಸುವಾಗ ಕ್ಲಿಪ್ಪು ಸರಿಯಾಗಿ ಹಾಕಿದ್ದಿಲ್ಲ. ಹಸಿ ಒಳಗ ಹೊಕ್ಕಿತ್ತು."

ನಾನು ಬಾಯಿ ತೆರೆಯಬೇಕಾಗಿದ್ದ ಹೊತ್ತು ಅದು. ತೆರೆಯಲಿಲ್ಲ. ಅಕ್ಕನ ಬೆರಳುಗಳು ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದವು.

ಡಾಕ್ಟರು, "ನಿನ್ನ ಮ್ಯಾಲೆ ನನಗ ಭಾಳ ಭರೋಸಾ ಇತ್ತು," ಎಂದರು. ಅಷ್ಟೇ. ಹೊದಿಸಬೇಕೆಂದು ತಂದಿದ್ದ ಧೋತರ ಕಪಾಟಿನಲ್ಲೇ ಉಳಿಯಿತು.

ಬಸ್ ಸ್ಟ್ಯಾಂಡಿನವರೆಗೆ ತಿಪ್ಪಣ್ಣನ ಹಿಂದೆ ಹೋದೆ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಮತ್ತೇನು ಹೇಳ್ಲಿ? ಅಕಿಗೆ ಉಳದಾಂವ ನೀ ಒಬ್ಬನ ಅದಿ. ನಿನ್ನ ಕೈ ಹಿಡದು ಮಲಗ್ಯಾಳ. ಅಕಿ ಮುಂದ ನಿನ್ನ ಹೆಸರು ಹ್ಯಾಂಗ ತಗೀಲಿ?"

"ಡಾಕ್ಟರಿಗೆ ನಾ ಹೇಳ್ತೀನಿ."

"ಹೇಳು. ಯಾವಾಗ ಹೇಳ್ತಿ ಅದು ನಿನಗ ಬಿಟ್ಟದ್ದು."

ಹೇಳಲಿಲ್ಲ. ಅಕ್ಕ ಚೇತರಿಸಿಕೊಳ್ಳಲಿ ಎಂದು ಒಂದು ತಿಂಗಳು ಸುಮ್ಮನಿದ್ದೆ. ಆಮೇಲೆ ಅವಳು ನಮ್ಮ ಮನೆಗೇ ಬಂದು ಉಳಿದಳು. ಡಾಕ್ಟರಿಗೆ ಹೇಳಿದರೆ ಅವಳ ಕಿವಿಗೆ ಬೀಳುತ್ತದೆಂದು ಮತ್ತೆ ಸುಮ್ಮನಾದೆ. ಒಂದು ವರ್ಷವಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರು ಎಂಬ ಹೆದರಿಕೆ. ಡಾಕ್ಟರು ಗಾಡಿಯನ್ನು ಮತ್ತೆ ಗಜೇಂದ್ರಗಡಕ್ಕೆ ಕಳಿಸಲಿಲ್ಲ. ಅವರು ಯಾರಿಗೂ ಏನೂ ಹೇಳಿರಲಿಕ್ಕಿಲ್ಲ. ಆದರೆ ಮಾತು ತಾನಾಗಿ ಹರಡಿತು. ಮಿಸ್ತ್ರಿಯ ಕೈತಪ್ಪಿನಿಂದ ಒಬ್ಬನ ಜೀವ ಹೋಯಿತಂತೆ ಎಂದು ನರಗುಂದದಲ್ಲಿ ಜನ ಆಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಆ ವ್ಯಾಪಾರಿಯ ಗಾಡಿ ಹೋಗುವುದು ನಿಂತಿತು. ಉಳಿದವೂ ನಿಂತವು. ಎರಡು ವರ್ಷದಲ್ಲಿ ತಿಪ್ಪಣ್ಣ ಹಿತ್ತಲಿನ ತಗ್ಗುಗಳನ್ನು ಮುಚ್ಚಿಸಿ ಮಗ್ಗಕ್ಕೆ ಕೂತ ಎಂದು ತಿಳಿಯಿತು. ಡಾಕ್ಟರು ತೀರಿಕೊಂಡರು. ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಕ್ಕ ನನ್ನ ಮಕ್ಕಳನ್ನು ಎತ್ತಿ ಬೆಳೆಸಿದಳು, ನನ್ನನ್ನು ಬೆಳೆಸಿದ ಹಾಗೆಯೇ. ಗಜೇಂದ್ರಗಡದ ಸೀರೆಯನ್ನು ಮಾತ್ರ ಮನೆಯೊಳಗೆ ಬಿಡಲಿಲ್ಲ. ನನ್ನ ಹೆಂಡತಿ ಒಮ್ಮೆ ಗೊತ್ತಿಲ್ಲದೆ ಕೊಂಡುತಂದಳು. ಅಕ್ಕ ಅದನ್ನು ಮಡಿಕೆ ಬಿಚ್ಚದೆ ವಾಪಸು ಮಾಡಿಸಿದಳು. "ನಾನ ಹುಡುಕಿ ಕೊಟ್ಟೆ ಅವನ್ನ," ಎನ್ನುತ್ತಿದ್ದಳು ಒಮ್ಮೊಮ್ಮೆ, ಯಾರಿಗೂ ಅಲ್ಲದಂತೆ. ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಹೋದ ತಿಂಗಳು ಅವಳು ಹಾಸಿಗೆ ಹಿಡಿದಾಗ ಒಂದು ಸಂಜೆ ನನ್ನನ್ನು ಹತ್ತಿರ ಕರೆದಳು.

"ಗಜೇಂದ್ರಗಡದ ಆ ಮಿಸ್ತ್ರಿ ಅದಾನೇನೋ?"

"ಇರಬೇಕು."

"ಇದ್ರ ಹೋಗಿ ಹೇಳು. ನೀಲವ್ವಗ ನಿನ್ನ ಮ್ಯಾಲೆ ಸಿಟ್ಟಿಲ್ಲಂತ ಹೇಳು. ಭಾಳ ದಿವಸ ಇಟ್ಕೊಂಡೆ. ಇನ್ನ ಸಾಕು. ಬೇಕಂತ ಯಾರು ಮಾಡ್ತಾರ?"

"ಅಕ್ಕಾ," ಎಂದೆ.

"ಹೇಳ್ತಿ ಇಲ್ಲೋ?"

"ಹೇಳ್ತೀನಿ."

ಅವಳು ಕಣ್ಣು ಮುಚ್ಚಿದಳು. ಆಗಲಾದರೂ ಹೇಳಬಹುದಿತ್ತು. ಅವಳ ಮುಖ ಹಗುರಾಗಿತ್ತು. ಅದನ್ನು ಕೆಡಿಸಲು ಧೈರ್ಯ ಬರಲಿಲ್ಲ ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ. ನನಗೆ ಹೆದರಿಕೆ ಇತ್ತು. ಮೂರು ದಿನದಲ್ಲಿ ಹೋದಳು.

ಮೊನ್ನೆ, ಸ್ಕೂಟರಿನ ವಾಸನೆ ಬಂದ ಮರುದಿನ, ಗಜೇಂದ್ರಗಡದ ಬಸ್ಸು ಹತ್ತಿದೆ. ತಿಪ್ಪಣ್ಣ ಇದ್ದಾನೆ. ಎಂಬತ್ತರ ಹತ್ತಿರ. ಮಗ್ಗಕ್ಕೆ ಕೂಡಲಾಗುವುದಿಲ್ಲ, ಪಡಸಾಲೆಯಲ್ಲಿ ಕೂತು ರಾಟೆಯ ಮೇಲೆ ನೂಲಿನ ಕಂಡಿಕೆ ಸುತ್ತುತ್ತಿದ್ದ. ಕಣ್ಣು ಮಂಜಾಗಿದ್ದರೂ ದನಿ ಹಿಡಿದ.

"ಬಸಪ್ಪ ಅಲ್ಲೇನು? ಬಾ. ಕುಂದ್ರು."

ಅಕ್ಕ ಹೋದ ಸುದ್ದಿ ಹೇಳಿದೆ. ರಾಟೆ ನಿಲ್ಲಿಸಿದ. ಅವಳು ಹೇಳಿಕಳಿಸಿದ ಮಾತನ್ನು ಅವಳು ಹೇಳಿದ ಹಾಗೆಯೇ ಹೇಳಿದೆ. ಅವಳಿಗೆ ನಿಜ ಹೇಳಲಿಲ್ಲವೆಂದೂ ಹೇಳಿದೆ. ಅವನು ಬೆರಳಿನಿಂದ ತಡವಿ ನೂಲಿನ ತುದಿಯನ್ನು ಕಂಡಿಕೆಗೆ ಸಿಕ್ಕಿಸಿದ.

"ಇದನ್ನ ನನಗ್ಯಾಕ ತಂದಿ?" ಎಂದ. "ಅದು ನಿನ್ನ ಹೆಸರಿಗೆ ಬಂದದ್ದು. ನೀನ ಇಟ್ಕೊ."

ನಾನು ಅತ್ತೆ. ಅವನು ಅಳಲು ಬಿಟ್ಟ. ಆಮೇಲೆ ಅವನ ಸೊಸೆ ಚಹಾ ತಂದಳು, ಇಬ್ಬರೂ ಕುಡಿದೆವು. ರೋಣಕ್ಕೆ ಹೋಗಿ ಎಲ್ಲರಿಗೂ ಹೇಳುತ್ತೇನೆ, ನಿನ್ನ ಹೆಸರು ನೆಟ್ಟಗೆ ಮಾಡುತ್ತೇನೆ ಎಂದೆ.

"ಯಾರಿಗೆ ಹೇಳ್ತಿ? ಆ ಗಾಡಿನೂ ಇಲ್ಲ, ಹತ್ತಿದವರೂ ಇಲ್ಲ," ಎಂದು ಮತ್ತೆ ರಾಟೆ ತಿರುವತೊಡಗಿದ.

ಅವನು ಹೇಳಿದ್ದು ಸರಿ. ಆದರೂ ಆ ಕಾಲದವರು, ಅಥವಾ ಅವರ ಬಾಯಿಂದ ಈ ಸುದ್ದಿ ಕೇಳಿದವರು ರೋಣದಲ್ಲಿ, ನರಗುಂದದಲ್ಲಿ ಯಾರಾದರೂ ಇದ್ದರೆ ಅವರಿಗೆ ತಿಳಿಯಲಿ ಎಂದು ಬರೆದಿದ್ದೇನೆ. ತಿಪ್ಪಣ್ಣ ಹಾಕಿದ ಕ್ಲಿಪ್ಪು ಬಿಗಿಯಾಗಿಯೇ ಇತ್ತು. ನೀರು ಹಾಕಿದವನು ನಾನು.